ತೆರಿಗೆ ಕಟ್ಟಬೇಕಿಲ್ಲ ಎನ್ನುವ 390 ಡಾಲರಿನ ಕಿಟ್: ಪುಟಪುಟ ಓದಿದ ಮೇಲೆ

ಅಮೆರಿಕದಲ್ಲಿ ಆದಾಯ ತೆರಿಗೆಯನ್ನೇ ಕಟ್ಟಬೇಕಿಲ್ಲ ಎಂದು ಹೇಳಿ ಮಾರುವ ಈ ಕಿಟ್ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಅದರೊಳಗಿನ ಒಂದು ಪತ್ರಕ್ಕೂ ಸಹಿ ಹಾಕಬೇಡಿ.

ಹೂಸ್ಟನ್‌ನಲ್ಲಿರುವ ನನ್ನ ತಮ್ಮ ಫೆಬ್ರವರಿಯ ಒಂದು ಶನಿವಾರ ಹೋಟೆಲೊಂದರಲ್ಲಿ ನಡೆದ ಸೆಮಿನಾರ್‌ಗೆ ಹೋಗಿ ಇದನ್ನು ಹೊತ್ತು ತಂದ. ದಪ್ಪ ನೀಲಿ ಬೈಂಡರ್, ಒಂದು ಪೆನ್‌ಡ್ರೈವ್, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಕಂಪನಿಯ ಪೇರೋಲ್‌ನವರಿಗೂ ಕಳಿಸಲು ಮೊದಲೇ ಬರೆದಿಟ್ಟ 11 ಪತ್ರಗಳು. ರಾತ್ರಿ ಫೋನ್ ಮಾಡಿ, "ಅಕ್ಕಾ, ಇಷ್ಟು ವರ್ಷ ಸುಮ್ಮನೆ ಕಟ್ಟಿದ್ವಿ ಕಣೇ, ಇದಕ್ಕೆ ಕಾನೂನೇ ಇಲ್ವಂತೆ" ಅಂದ. ಬೈಯಲಿಲ್ಲ. ಯಾವ ಅಧಿಕಾರದಿಂದ ತೆರಿಗೆ ಹಾಕುತ್ತೀರಿ ಅಂತ ಕೇಳುವುದು ತಪ್ಪಲ್ಲ. ಸಕಲೇಶಪುರದ ತೋಟದ ಆದಾಯಕ್ಕೆ ಅಪ್ಪ ತೆರಿಗೆ ಕಟ್ಟುತ್ತಿದ್ದದ್ದು ರಾಜ್ಯ ಸರ್ಕಾರಕ್ಕೆ, ಯಾಕೆಂದರೆ ನಮ್ಮ ಸಂವಿಧಾನ ಕೃಷಿ ಆದಾಯವನ್ನು ಕೇಂದ್ರದ ಕೈಗೆ ಕೊಟ್ಟಿಲ್ಲ. ಹಾಗಾಗಿ ಎರಡು ಭಾನುವಾರ ಊಟದ ಮೇಜಿನ ಮೇಲೆ ಬೈಂಡರ್ ಹರಡಿಕೊಂಡು, ಅದು ಹೆಸರಿಸಿದ ತೀರ್ಪುಗಳನ್ನೇ ಹುಡುಕಿ ಓದಿದೆ.

ಮೊದಲ ಭಾಗ ಇತಿಹಾಸ. ಅದರಲ್ಲಿ ಸುಳ್ಳು ಕಡಿಮೆ. ತೊಂದರೆ ಇರುವುದು ಅದು ಎಲ್ಲಿ ನಿಲ್ಲಿಸುತ್ತದೆ ಅನ್ನುವುದರಲ್ಲಿ. 4,000 ಡಾಲರಿಗಿಂತ ಮೇಲಿನ ಆದಾಯಕ್ಕೆ ಶೇ. 2ರಂತೆ 1894ರಲ್ಲಿ ಹಾಕಿದ ತೆರಿಗೆಯನ್ನು ಮರುವರ್ಷವೇ ಪೊಲಾಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಹೊಡೆದು ಹಾಕಿತು. ಬಾಡಿಗೆ, ಡಿವಿಡೆಂಡ್ ಮೇಲಿನ ತೆರಿಗೆ ನೇರ ತೆರಿಗೆ, ಅದನ್ನು ರಾಜ್ಯಗಳ ಜನಸಂಖ್ಯೆಗೆ ತಕ್ಕಂತೆ ಹಂಚಬೇಕು ಎಂಬುದು ಕಾರಣ. ಇಷ್ಟು ನಿಜ. ಆದರೆ ಉದ್ಯೋಗ, ವೃತ್ತಿಯ ಗಳಿಕೆಯ ಮೇಲಿನ ತೆರಿಗೆಗೆ ಆ ತೀರ್ಪಿನಲ್ಲೂ ತಕರಾರಿರಲಿಲ್ಲ. 1881ರಲ್ಲೇ ಸ್ಪ್ರಿಂಗರ್ ಎಂಬ ವಕೀಲರ ಆದಾಯದ ಮೇಲಿನ ತೆರಿಗೆಯನ್ನು ಇದೇ ಕೋರ್ಟ್ ಎತ್ತಿಹಿಡಿದಿತ್ತು. ಸಂಬಳವೊಂದನ್ನೇ ನಂಬಿದ ನನ್ನ ತಮ್ಮನಂಥವರಿಗೆ ಬೇಕಾದ ಮಾತು ಇದು. ಬೈಂಡರಿನಲ್ಲಿ ಇದರ ಸುಳಿವೇ ಇಲ್ಲ.

ಹಂಚಿಕೆಯ ಆ ಅಡ್ಡಿಯನ್ನೂ 1913ರಲ್ಲಿ ಅಮೆರಿಕ ಸಂವಿಧಾನದ 16ನೇ ತಿದ್ದುಪಡಿ ತೆಗೆಯಿತು, 1916ರಲ್ಲಿ ಬ್ರಶೇಬರ್ ಪ್ರಕರಣ ಅದನ್ನು ಗಟ್ಟಿ ಮಾಡಿತು. ಕಿಟ್ ಪ್ರಕಾರ ಆ ತಿದ್ದುಪಡಿ ಸರಿಯಾಗಿ ಅಂಗೀಕಾರವಾಗಲೇ ಇಲ್ಲ: ರಾಜ್ಯಗಳು ಕಳಿಸಿದ ಪ್ರತಿಗಳಲ್ಲಿ ಅಲ್ಪವಿರಾಮ, ದೊಡ್ಡಕ್ಷರ ಬೇರೆ ಬೇರೆಯಾಗಿದ್ದವು, ಒಹಾಯೊ 1953ರವರೆಗೆ ರಾಜ್ಯವೇ ಆಗಿರಲಿಲ್ಲ. ಪ್ರತಿಗಳಲ್ಲಿ ವ್ಯತ್ಯಾಸ ಇದ್ದದ್ದು ಹೌದು. ಅಕ್ಷರಶಃ ಹೊಂದಿದ್ದು ನಾಲ್ಕೇ ಎಂದು 1986ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟೇ ಬರೆದಿದೆ. ಆದರೆ ವಿದೇಶಾಂಗ ಕಾರ್ಯದರ್ಶಿ ಫಿಲಾಂಡರ್ ನಾಕ್ಸ್‌ಗೆ ಅದು 1913ರಲ್ಲೇ ಗೊತ್ತಿತ್ತು. ತಿಳಿದೇ ದೃಢೀಕರಿಸಿದರು, ಕೋರ್ಟ್ ಅದನ್ನು ಒಪ್ಪಿತು. ಒಹಾಯೊವನ್ನು ಪಕ್ಕಕ್ಕಿಡಿ: ಬೇಕಿದ್ದದ್ದು 36 ರಾಜ್ಯ, ಕೊನೆಗೆ ಒಪ್ಪಿದ್ದು 42.

ನನಗೆ ನಿಜವಾಗಿ ಸಿಟ್ಟು ಬಂದದ್ದು "ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಪೈಲಟ್" ಎಂಬ ಅಧ್ಯಾಯ ಓದಿ. ಜಾನ್ ಚೀಕ್, ಅಮೆರಿಕನ್ ಏರ್‌ಲೈನ್ಸ್ ಪೈಲಟ್. ಇಂಥವೇ ಸಭೆಗಳಿಗೆ ಹೋಗಿ, ರಿಟರ್ನ್ ಸಲ್ಲಿಸುವುದನ್ನು ಬಿಟ್ಟು, ಸಂಬಳದಿಂದ ತೆರಿಗೆ ಕಡಿತವಾಗದಂತೆ 60 ವಿನಾಯಿತಿ ಬರೆದುಕೊಂಡವರು. 1991ರಲ್ಲಿ ಅವರ ಶಿಕ್ಷೆ ರದ್ದಾದದ್ದು ನಿಜ: ಕಾನೂನನ್ನು ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದರೆ, ಆ ತಿಳಿವಳಿಕೆ ಎಷ್ಟೇ ಅಸಮಂಜಸವಾಗಿದ್ದರೂ ಅದನ್ನು ಜ್ಯೂರಿ ಪರಿಗಣಿಸಬೇಕು ಎಂದಿತು ಕೋರ್ಟ್. ಅದೇ ತೀರ್ಪಿನಲ್ಲಿ, ತೆರಿಗೆ ಕಾನೂನು ಸಂವಿಧಾನಬಾಹಿರ ಎಂಬ ನಂಬಿಕೆ ರಕ್ಷಣೆಯಾಗದು ಎಂದೂ ಇದೆ. ಮರುವಿಚಾರಣೆಯಲ್ಲಿ ಚೀಕ್ ಮತ್ತೆ ಅಪರಾಧಿಯಾಗಿ ಜೈಲಿಗೆ ಹೋದರು. ಕಿಟ್‌ನಲ್ಲಿ ಈ ಎರಡೂ ಇಲ್ಲ. ಮನೆ ಕಂತು ಕಟ್ಟುತ್ತಿರುವ, ಇಬ್ಬರು ಮಕ್ಕಳಿರುವ ಮನುಷ್ಯನಿಗೆ ಹಾಗೆ ಅರ್ಧ ಕತೆ ಮಾರುವುದು ಕ್ರೌರ್ಯ.

ಗ್ರೀನ್ ಕಾರ್ಡ್ ಇರುವ ಕನ್ನಡಿಗರು 7ನೇ ಪತ್ರವನ್ನು ವಿಶೇಷವಾಗಿ ಗಮನಿಸಿ. ಅದು "ನಾನು ಇಲ್ಲಿನ ನಿವಾಸಿಯಲ್ಲದ ವಿದೇಶಿ" ಎಂದು ಬರೆಸುತ್ತದೆ. ತೆರಿಗೆ ರಿಟರ್ನ್‌ನಲ್ಲಿ ಹಾಗೆ ಹೇಳಿಕೊಂಡಿದ್ದೀರಾ ಎಂಬ ಪ್ರಶ್ನೆಯೇ ಪೌರತ್ವದ ಅರ್ಜಿಯಲ್ಲಿದೆ, ಕಾಯಂ ವಾಸವನ್ನೇ ಬಿಟ್ಟುಕೊಟ್ಟಿರಿ ಎಂದು ಅರ್ಥ ಮಾಡಿಕೊಳ್ಳಲೂ ಅದು ಸಾಕು. ಇಂಥ ಬುಡವಿಲ್ಲದ ವಾದದ ರಿಟರ್ನ್‌ಗೆ ಐಆರ್‌ಎಸ್ 5,000 ಡಾಲರ್ ದಂಡ ಹಾಕಬಹುದು, ಅದನ್ನೇ ಹಿಡಿದು ಟ್ಯಾಕ್ಸ್ ಕೋರ್ಟಿಗೆ ಹೋದರೆ 25,000ದವರೆಗೂ.

ಬೈಂಡರಿನ ಕಾಗದ ಚೆನ್ನಾಗಿದೆ, ಅನುಕ್ರಮಣಿಕೆಯೂ ಚೆನ್ನಾಗಿದೆ. ಆದರೆ ಇಂಥ ವಾದಗಳನ್ನು ಒಂದೊಂದಾಗಿ ತೆಗೆದುಕೊಂಡು, ಯಾವ ಕೋರ್ಟ್ ಏನು ಹೇಳಿತು ಎಂದು ಐಆರ್‌ಎಸ್ ತನ್ನ ಜಾಲತಾಣದಲ್ಲೇ ಉಚಿತವಾಗಿ ಹಾಕಿದೆ. ರಿಟರ್ನ್ ತುಂಬಲು ಸಹಾಯ ಬೇಕಿದ್ದರೆ, ಆದಾಯ ಮಿತಿಯೊಳಗಿದ್ದವರಿಗೆ ವೀಟಾ ಎಂಬ ಐಆರ್‌ಎಸ್‌ನ ಉಚಿತ ನೆರವು ಯೋಜನೆಯ ಸ್ವಯಂಸೇವಕರು ಲೈಬ್ರರಿಗಳಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತಾರೆ.

ತಮ್ಮ ಮಾರ್ಚ್‌ನಲ್ಲಿ ಎಂದಿನಂತೆ ರಿಟರ್ನ್ ಸಲ್ಲಿಸಿದ. 390 ಡಾಲರ್ ವಾಪಸ್ ಕೊಡಿ ಎಂದು ಎರಡು ಸಲ ಬರೆದಿದ್ದಾನೆ, ಉತ್ತರ ಬಂದಿಲ್ಲ.