ಹೊಯಿ ಆನ್‌ನಲ್ಲಿ ಊಟದ ಖರ್ಚು: ಹೊಳೆದಂಡೆಯ ರೆಸ್ಟೋರೆಂಟಾ, ಇಂಡಿಯನ್ ಹೋಟೆಲಾ, ಚಾಯ್ ಅಂಗಡಿಯಾ?

ವಿಯೆಟ್ನಾಂನ ಹೊಯಿ ಆನ್‌ಗೆ ಹೊರಟ ಸಸ್ಯಾಹಾರಿಗಳು ಯಾರೇ ಕೇಳಲಿ, ನಾನು ಹೇಳುವುದು ಇಷ್ಟೇ: ಮಧ್ಯಾಹ್ನ 'ಕಮ್ ಚಾಯ್' ಅಂತ ಬೋರ್ಡ್ ಹಾಕಿರುವ ಅಂಗಡಿ ಹುಡುಕಿ. ಅಲ್ಲಿ ಚಾಯ್ ಅಂದರೆ ಟೀ ಅಲ್ಲ, ಸಸ್ಯಾಹಾರ; ಕಮ್ ಅಂದರೆ ಅನ್ನ. ದುಡ್ಡೂ ಉಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ.

ನಾವು ಮೂವರು: ನಾನು, ಹೆಂಡತಿ, ಅಮ್ಮ. ತಿಂಡಿ ಹೋಂಸ್ಟೇಯಲ್ಲೇ ಆಗುತ್ತಿತ್ತು. ಉಳಿದ ಎರಡು ಹೊತ್ತಿಗೆ ತಲೆಗೆ ದಿನಕ್ಕೆ 600 ರೂಪಾಯಿ ಇಟ್ಟುಕೊಂಡಿದ್ದೆವು. ರೂಪಾಯಿಗೆ ಸುಮಾರು 300 ಡಾಂಗ್ ಲೆಕ್ಕದಲ್ಲಿ ಮೂವರಿಗೆ 5,40,000 ಡಾಂಗ್.

ಥು ಬೊನ್ ಹೊಳೆದಂಡೆಯಲ್ಲಿ ಕೂತು ಊಟ ಮಾಡುವುದು ಚೆನ್ನಾಗಿಯೇ ಇರುತ್ತದೆ. ಎದುರಿಗೆ ದೋಣಿಗಳು, ತಲೆ ಮೇಲೆ ಬಣ್ಣದ ಲಾಟೀನುಗಳು. ತೊಂದರೆ ಬಿಲ್ಲಿನಲ್ಲಿ. ಮೆನುವಿನಲ್ಲಿ 95 ಅಂತ ಇದ್ದರೆ 95,000 ಅಂತ ಅರ್ಥ, ಅದು ಬೇಗ ಅಭ್ಯಾಸವಾಗುತ್ತದೆ. ನಾವು ಮೂರು ಪಲ್ಯ ಥರದ ಪದಾರ್ಥ ಮತ್ತು ಅನ್ನ ಹೇಳಿದೆವು. ಮೆನು ಪ್ರಕಾರ 3,35,000 ಆಗಬೇಕಿತ್ತು.

ಕೊಟ್ಟಿದ್ದು 4,32,000. ಟೇಬಲ್ ಮೇಲೆ ಮೊದಲೇ ಇಟ್ಟಿದ್ದ ಒದ್ದೆ ಟಿಶ್ಯೂ ಪ್ಯಾಕೆಟ್ ಒಂದೊಂದಕ್ಕೆ 5,000. ನಾವು ಕೇಳದೇ ತಂದಿಟ್ಟ ಕಡ್ಲೆಕಾಯಿಗೆ 20,000. ಅದರ ಮೇಲೆ ಸರ್ವೀಸ್ ಚಾರ್ಜ್ 5%, ಅದರ ಮೇಲೆ ತೆರಿಗೆ 8%. ಕೊನೆಗೆ ಕಾರ್ಡ್ ಉಜ್ಜಿದ್ದಕ್ಕೆ ಇನ್ನೊಂದು 3%. ಬೆಲೆಗಳ ಪಕ್ಕ ಇದ್ದ ಎರಡು ಪ್ಲಸ್ ಗುರುತುಗಳೇ ಸರ್ವೀಸ್ ಚಾರ್ಜಿನ, ತೆರಿಗೆಯ ಸೂಚನೆಯಂತೆ. ಮುನ್ನೂರು ರೂಪಾಯಿಗೂ ಜಾಸ್ತಿ ಹೀಗೇ ಹೋಯಿತು. ನನಗೆ ಬೇಜಾರಾಗಿದ್ದು ಮೊತ್ತಕ್ಕಲ್ಲ. ಲೆಕ್ಕ ಹಾಕಿ ಆರ್ಡರ್ ಮಾಡುವವರಿಗೆ ಮೊದಲೇ ಒಟ್ಟು ಬೆಲೆ ಹೇಳಬೇಕು ಅಲ್ವಾ?

ಹಾಗಾಗಿ ಅಲ್ಲಿ ಕೂರುವುದೇ ಆದರೆ ಟಿಶ್ಯೂ, ಕಡ್ಲೆಕಾಯಿ ಎರಡನ್ನೂ ಮುಟ್ಟದೆ ವಾಪಸ್ ಕೊಡಿ. ನಗದು ಇಟ್ಟುಕೊಳ್ಳಿ. ನೋಟು ಕೊಡುವಾಗ ಸೊನ್ನೆ ಎಣಿಸಿ, ಏಕೆಂದರೆ 20,000 ಮತ್ತು 5,00,000 ಎರಡೂ ನೀಲಿ. 20,000ದ ನೋಟಿನ ಹಿಂದೆ ಇದೇ ಊರಿನ ಜಪಾನಿ ಸೇತುವೆಯ ಚಿತ್ರ ಇದೆ, ಅದನ್ನು ಗುರುತಿಟ್ಟುಕೊಂಡರೆ ಸುಲಭ. ಇನ್ನೊಂದು ಮಾತು: ಬರೀ ಟೊಮೆಟೊ, ತೋಫು ಅಂತ ಬರೆದಿರುವ ಪದಾರ್ಥಕ್ಕೂ ಮೀನಿನ ಸಾಸ್ ಬಿದ್ದಿರಬಹುದು. ಕೇಳದೆ ತಿನ್ನಬೇಡಿ.

ಇಂಡಿಯನ್ ಹೋಟೆಲಿನಲ್ಲಿ ಆ ಭಯ ಇಲ್ಲ. ಆದರೆ ದಾಲ್, ನಾನ್, ಅನ್ನಕ್ಕೆ ತಲೆಗೆ 2 ಲಕ್ಷ ಡಾಂಗ್ ಮುಟ್ಟಿತು. ಒಬ್ಬರ ಇಡೀ ದಿನದ ದುಡ್ಡಿಗಿಂತ ಜಾಸ್ತಿ. ಅಮ್ಮ ಬಯಸಿದ್ದ ಸಾರು ಅನ್ನ ಅಲ್ಲೂ ಇರಲಿಲ್ಲ.

ಚಾಯ್ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪದಾರ್ಥಗಳ ಟ್ರೇ ಸಾಲಾಗಿ ಇರುತ್ತವೆ. ಬೆರಳು ತೋರಿಸಿದರೆ ಸಾಕು, ಅನ್ನದ ಮೇಲೆ ನಾಲ್ಕೈದು ಬಗೆ ಹಾಕಿ ಕೊಡುತ್ತಾರೆ: ಹುರಿದ ತೋಫು, ಅಣಬೆ, ಬೇಯಿಸಿದ ಸೊಪ್ಪು, ಎಳೆ ಹಲಸಿನಕಾಯಿ. ಜೊತೆಗೆ ಒಂದು ಬಟ್ಟಲು ತಿಳಿ ಸೂಪ್. ತಟ್ಟೆಗೆ 30,000ದಿಂದ 35,000. ಮೂವರ ಊಟ 350 ರೂಪಾಯಿ ಒಳಗೆ! ಇದು ಬೌದ್ಧರ ವ್ರತದ ಅಡುಗೆ, ಮೀನಿನ ಸಾಸ್ ಬದಲು ಸೋಯಾ ಸಾಸ್. ಈರುಳ್ಳಿ, ಬೆಳ್ಳುಳ್ಳಿ ಕೂಡ ಬಿಡುವವರು ಬಹಳ, ನಮ್ಮಮ್ಮನಿಗೆ ಅದೇ ದೊಡ್ಡ ಸಮಾಧಾನ. ಸೋಯಾದಲ್ಲಿ ಮಾಡಿದ ಕೆಲವು ತುಂಡುಗಳು ನೋಡಲು ಥೇಟ್ ಮಾಂಸದ ಹಾಗೇ ಇರುತ್ತವೆ. ಅಮ್ಮ ಅವನ್ನು ಮುಟ್ಟಲಿಲ್ಲ, ನಾನು ತಿಂದೆ, ರುಚಿಯಾಗಿತ್ತು. ಖಾರ ಕಮ್ಮಿ, ಚಟ್ನಿಪುಡಿ ಒಯ್ದಿದ್ದು ಉಪಯೋಗಕ್ಕೆ ಬಂತು.

ಒಂದೇ ಕೊರತೆ: ಮಧ್ಯಾಹ್ನ ಒಂದೂವರೆ ಆಗುತ್ತಿದ್ದಂತೆ ಟ್ರೇಗಳು ಖಾಲಿಯಾಗುತ್ತಿದ್ದವು. ನಮ್ಮ ಮನೆಯಲ್ಲಿ ಹನ್ನೆರಡಕ್ಕೇ ಊಟ, ನಮಗೆ ತೊಂದರೆ ಆಗಲಿಲ್ಲ. ಊರಾಚೆಯ ಮಿ ಸನ್‌ನ ಹಳೇ ಹಿಂದೂ ದೇವಸ್ಥಾನಗಳನ್ನು ನೋಡಿ ತಡವಾಗಿ ಬರುವವರು ಯೋಚಿಸಬೇಕು.

ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಅಲ್ಲಿನ ಜನ ಮಾಂಸ ಬಿಡುವುದು ರೂಢಿ. ಆಗ ಸಾಮಾನ್ಯ ಅಂಗಡಿಗಳೂ ಚಾಯ್ ಮಾಡುತ್ತವೆ. ಚಾಂದ್ರಮಾನ ತಿಂಗಳ 14ನೇ ದಿನ, ಅಂದರೆ ಹುಣ್ಣಿಮೆಯ ಹಿಂದಿನ ದಿನ, ಹಳೇ ಪೇಟೆಯಲ್ಲಿ ಲಾಟೀನು ಹಬ್ಬ. ಅದನ್ನು ನೋಡಲು ಹೋದರೆ ಮರುದಿನವೂ ಅಲ್ಲೇ ಉಳಿಯಿರಿ, ಬೀದಿ ಬೀದಿಯಲ್ಲೂ ನಮಗೆ ಆಗುವ ಊಟ ಸಿಗುತ್ತದೆ.