ಕ್ಯಾಸಿಓಕ್: ಬಡವರ ಎಂಟು ಮೂಲೆಯ ರಾಯಲ್ ಓಕ್?

ಕ್ಯಾಸಿಯೋ 2019ರಲ್ಲಿ ಬಿಟ್ಟ ಜಿಎ-2100 ವಾಚಿಗೆ ಜನ ಇಟ್ಟ ಅಡ್ಡಹೆಸರು ‘ಕ್ಯಾಸಿಓಕ್’. ಕಾರಣ, ಅದರ ಎಂಟು ಮೂಲೆಯ ಬೆಜೆಲ್, ಅಂದರೆ ಡಯಲ್ ಸುತ್ತಲಿನ ಚೌಕಟ್ಟು. ಜೆರಾಲ್ಡ್ ಜೆಂಟಾ ಡಿಸೈನ್ ಮಾಡಿ, ಸ್ವಿಸ್ ಕಂಪನಿ ಆಡೆಮಾರ್ ಪಿಗೆ 1972ರಲ್ಲಿ ಬಿಟ್ಟ ದುಬಾರಿ ವಾಚು ರಾಯಲ್ ಓಕ್ ತಟ್ಟನೆ ನೆನಪಾಗುತ್ತದೆ. ಕ್ಯಾಸಿಯೋ ಮಾತ್ರ ಈ ಆಕಾರ 1983ರ ತನ್ನ ಮೊದಲ ಜಿ-ಶಾಕ್ ವಾಚಿನಿಂದ ಬಂದದ್ದು ಅನ್ನುತ್ತದೆ. ಇರಲಿ ಬಿಡಿ.

ಹತ್ತಿರದಿಂದ ನೋಡಿದರೆ ಅಜಗಜಾಂತರ. ರಾಯಲ್ ಓಕ್‌ನ ಬೆಜೆಲ್ ಮೇಲ್ಮೈ ಮಂಕು, ಅಂಚು ಕನ್ನಡಿಯಂತೆ ಫಳಫಳ. ಎಂಟೂ ಸ್ಕ್ರೂಗಳ ಗೀಟು ಒಂದೇ ವೃತ್ತದಲ್ಲಿ ಕೂತಿರುತ್ತದೆ. ಕ್ಯಾಸಿಓಕ್‌ನ ಬೆಜೆಲ್‌ನಲ್ಲಿ ಸ್ಕ್ರೂನೂ ಇಲ್ಲ, ಹೊಳಪೂ ಇಲ್ಲ, ಪೂರ್ತಿ ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್). ಆದರೆ ತೂಕ ಬರೀ 51 ಗ್ರಾಂ, ದಪ್ಪ 11.8 ಮಿ.ಮೀ., ಶರ್ಟಿನ ತೋಳಿನೊಳಗೆ ಸುಮ್ನೆ ಜಾರುತ್ತದೆ. ನೀರು ತಡೆಯುವ ಮಟ್ಟ 200 ಮೀಟರ್. ಲಕ್ಷಗಟ್ಟಲೆ ಬೆಲೆಯ ಸ್ಟೀಲ್ ರಾಯಲ್ ಓಕ್‌ಗೆ 50 ಮೀಟರ್ ಅಷ್ಟೆ! ನನಗೆ ಜಾಸ್ತಿ ಖುಷಿ ಕೊಟ್ಟದ್ದು ಒಂದು ಸಣ್ಣ ಸಂಗತಿ: ಬಟನ್ ಒತ್ತಿದರೆ ಮುಳ್ಳುಗಳು ತಾವಾಗೇ ಪಕ್ಕಕ್ಕೆ ಸರಿದು ಡಿಜಿಟಲ್ ಅಂಕಿಗೆ ದಾರಿ ಬಿಡುತ್ತವೆ.

ಪೂರ್ತಿ ಕಪ್ಪು ಮಾಡೆಲ್ ನೋಡೋಕೆ ಚಂದ, ಸಮಯ ಓದೋಕೆ ಕಷ್ಟ. ಬಿಳಿ ಮುಳ್ಳಿನದೇ ತಗೊಳ್ಳಿ.