ಆನ್‌ಡಿಮ್ಯಾಂಡ್ ಅಥವಾ ಷೆಡ್‌ಯುಟಿಲ್: ಲ್ಯಾಬಿನ ಲಿನಕ್ಸ್ ಯಂತ್ರಗಳಿಗೆ ಯಾವುದು?

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕಾಲೇಜು ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವವರು, ಪ್ರೊಸೆಸರಿನ ವೇಗವನ್ನು ನಿರ್ಧರಿಸುವ ತಂತ್ರಾಂಶವಾದ ಗವರ್ನರ್‌ನ ಆಯ್ಕೆಯನ್ನು ಕಡೆಗಣಿಸಬಾರದು: ವೇಗ ಹೆಚ್ಚಿದಷ್ಟೂ ಯಂತ್ರ ಬಿಸಿಯಾಗುತ್ತದೆ. ಆನ್‌ಡಿಮ್ಯಾಂಡ್, ಷೆಡ್‌ಯುಟಿಲ್ ಅಂತಹ ಎರಡು ಗವರ್ನರ್‌ಗಳು.

2004ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಆನ್‌ಡಿಮ್ಯಾಂಡ್, ನಿಗದಿತ ಅವಧಿಗೊಮ್ಮೆ ಪ್ರೊಸೆಸರ್ ಎಷ್ಟು ಹೊತ್ತು ಬಿಡುವಾಗಿತ್ತೆಂದು ಲೆಕ್ಕ ಹಾಕಿ, ಹೊರೆ ಮಿತಿ ಮೀರಿದೊಡನೆ ವೇಗವನ್ನು ನೇರವಾಗಿ ಗರಿಷ್ಠಕ್ಕೆ ಏರಿಸುತ್ತದೆ. ಅಳತೆಯ ಅವಧಿ, ಏರಿಕೆಯ ಮಿತಿ, ಇಳಿಕೆಯ ವಿಳಂಬ ಎಂದು ಹೊಂದಾಣಿಕೆಗಳು ಹಲವು. ಅವನ್ನು ನಿಭಾಯಿಸುವ ಕೋಡ್ ಕೂಡ ಅಷ್ಟೇ ಹರಡಿಕೊಂಡಿದೆ. ಕಡಿಮೆ ವೇಗದಲ್ಲಿ ಕಂಡ ಶೇ 70ರ ಹೊರೆಯನ್ನೂ ಪೂರ್ಣ ವೇಗದಲ್ಲಿ ಕಂಡ ಶೇ 70ರ ಹೊರೆಯನ್ನೂ ಅದು ಒಂದೇ ಎಂದು ಎಣಿಸುವುದು ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಕೊರತೆ.

2016ರಲ್ಲಿ ಕರ್ನಲ್‌ನ 4.7ನೇ ಆವೃತ್ತಿಯೊಂದಿಗೆ ಬಂದ ಷೆಡ್‌ಯುಟಿಲ್ ಪ್ರತ್ಯೇಕವಾಗಿ ಅಳೆಯುವುದಿಲ್ಲ. ಪ್ರೊಸೆಸರಿನಲ್ಲಿ ಯಾವ ಕೆಲಸ ಯಾವಾಗ ನಡೆಯಬೇಕೆಂದು ನಿರ್ಧರಿಸುವ ಷೆಡ್ಯೂಲರ್ ತನ್ನ ಕೆಲಸಕ್ಕಾಗಿ ಇಟ್ಟುಕೊಂಡಿರುವ ಬಳಕೆಯ ಲೆಕ್ಕವನ್ನೇ ತೆಗೆದುಕೊಂಡು, ಅದನ್ನು ಗರಿಷ್ಠ ವೇಗದಿಂದಲೂ 1.25ರಿಂದಲೂ ಗುಣಿಸುತ್ತದೆ. ಗರಿಷ್ಠ ವೇಗ 3 ಗಿಗಾಹರ್ಟ್ಸ್ ಇದ್ದು ಸಾಮರ್ಥ್ಯದ ಶೇ 60ರಷ್ಟು ಬಳಕೆಯಾಗುತ್ತಿದ್ದರೆ, ಅದು ಕೇಳುವುದು 2.25 ಗಿಗಾಹರ್ಟ್ಸ್, ಬಳಕೆ ಶೇ 80ಕ್ಕೆ ಮುಟ್ಟಿದಾಗ ಮಾತ್ರ ಪೂರ್ಣ ವೇಗ. ಹೊಂದಿಸಲು ಉಳಿಯುವುದು ಎರಡು ಬದಲಾವಣೆಗಳ ನಡುವಿನ ಕನಿಷ್ಠ ಅಂತರ ಒಂದೇ. ಕೋಡನ್ನು ಸರಳಗೊಳಿಸುವುದೆಂದರೆ ಹೀಗೆ, ಒಂದೇ ಲೆಕ್ಕವನ್ನು ಎರಡು ಕಡೆ ಮಾಡುವುದನ್ನು ನಿಲ್ಲಿಸುವುದು.

ಕರ್ನಲ್ 4.7ಕ್ಕಿಂತ ಹಳೆಯದಾಗಿದ್ದರೆ ಆನ್‌ಡಿಮ್ಯಾಂಡ್ ಸಾಕು. ಹೊಸದಾಗಿದ್ದರೆ ಷೆಡ್‌ಯುಟಿಲ್ ಅನ್ನೇ ಆರಿಸಿರಿ. ಆದರೆ ಇಂಟೆಲ್ ಪ್ರೊಸೆಸರಿನ ವೇಗವನ್ನು ನಿಯಂತ್ರಿಸುವ ಪಿ-ಸ್ಟೇಟ್ ಡ್ರೈವರ್, ವೇಗವನ್ನು ತಾನೇ ನಿರ್ಧರಿಸುವ ಆಕ್ಟಿವ್ ವಿಧಾನದಲ್ಲಿದ್ದರೆ ಈ ಎರಡೂ ಗವರ್ನರ್‌ಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲವಾದ್ದರಿಂದ, ಮೊದಲು ಡ್ರೈವರನ್ನು ಗವರ್ನರ್ ಹೇಳಿದಂತೆ ನಡೆಯುವ ಪ್ಯಾಸಿವ್ ವಿಧಾನಕ್ಕೆ ಬದಲಾಯಿಸಬೇಕು.